ಮಗುವಿನ ಟಿವಿ, ದೊಡ್ಡವರ ತಲೆನೋವು

ಕಾವೂರು: ಸಂಜೆ ಅಂಗಡಿ ಬಾಗಿಲು ಹಾಕಿ, ಬಸ್ಸಿಳಿದು ಮನೆಗೆ ಬಂದರೆ ಟಿವಿಯಲ್ಲಿ ಅದೇ ಕಿರುಚಾಟ. ಪುಟಾಣಿಗೆ ಒಂದೇ ಹಾಡು ಹತ್ತು ಸಲ ಬೇಕು. ಅಪ್ಪ-ಅಮ್ಮನಿಗೆ ಎರಡನೇ ಸಲಕ್ಕೇ ತಲೆ ಸಿಡಿಯುತ್ತದೆ. ಮಗುವನ್ನು ಟಿವಿ ಮುಂದೆ ಬಿಟ್ಟು ದೊಡ್ಡವರು ಒಳಗೆ ಹೋಗುತ್ತಾರೆ. ತೊಂದರೆ ಇರುವುದು ಅಲ್ಲೇ ಮಾರಾಯ್ರೆ! ಪಕ್ಕದಲ್ಲಿ ಕೂತು ‘ಇದೆಂತ, ಅದೆಂತ’ ಎಂದು ಮಾತಾಡಿಸುವವರಿದ್ದರೆ ತಾನೇ ಮಗು ಕಲಿಯುವುದು?

ಅಮೆರಿಕದಲ್ಲಿ 1969ರಲ್ಲಿ ‘ಸೆಸಮಿ ಸ್ಟ್ರೀಟ್’ ಶುರು ಮಾಡಿದವರಿಗೆ ಇದು ಗೊತ್ತಿತ್ತು. ಹೆತ್ತವರೂ ಜೊತೆಗೆ ಕೂರಲಿ ಎಂದೇ ದೊಡ್ಡವರು ನಗುವ ಮಾತುಗಳನ್ನೂ ಸೇರಿಸಿದರು. ಕನ್ನಡಕ್ಕೆ ಮಕ್ಕಳದ್ದೇ ಚಾನೆಲ್ ಚಿಂಟು ಟಿವಿ ಬಂದದ್ದು 2009ರಲ್ಲಿ. ಅದರಲ್ಲಿ ಹೆಚ್ಚಿನದ್ದು ಡಬ್ಬಿಂಗ್ ಸರಕು.

ನಮ್ಮ ಕಾವೂರಿನಲ್ಲೋ ತುಳು, ಕೊಂಕಣಿ, ಬ್ಯಾರಿ, ಕನ್ನಡ ಎಲ್ಲ ಉಂಟು. ಇಂಥಲ್ಲಿಗೆ ಮಾತೇ ಇಲ್ಲದ ‘ಶಾನ್ ದಿ ಶೀಪ್’ ಸರಿಹೊಂದುತ್ತದೆ. 2007ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾದ ಈ ಬೊಂಬೆ ಕುರಿಯ ಕಥೆ, ಕಂತಿಗೆ ಸುಮಾರು ಏಳು ನಿಮಿಷ. ಕುರಿಗಳ ಕಿತಾಪತಿಗೆ ಅಜ್ಜನೂ ನಗಬಹುದು, ಅಜ್ಜಿ ಕಥೆಯನ್ನು ತುಳುವಿನಲ್ಲೇ ಹೇಳಬಹುದು.

ಗಡಿಯಾರವನ್ನೂ ನೋಡಿ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ವರ್ಷ ತುಂಬದ ಕೂಸಿಗಂತೂ ಬೇಡವೇ ಬೇಡ.

ಇವತ್ತು ರಾತ್ರಿ ಮಗುವಿಗೆ ಹಾಕುವ ಮೊದಲು ಒಂದು ಕಂತು ನೀವೇ ನೋಡಿ. ನಿಮಗೆ ಕೂತು ನೋಡಲಿಕ್ಕೆ ಆಗದಿದ್ದರೆ ಚಾನೆಲ್ ಬದಲಾಯಿಸಿ.