ಬ್ಯಾಂಡ್ ತೆಗೆದರೆ ಉಳಿಯೋದೇನು? ಸಿಯೆರಾ ಹಲ್ ಮತ್ತು ಎಂಟು ತಂತಿಗಳು

ಪ್ರಾಜೆಕ್ಟ್ ಮಾಡುವಾಗ ಒಂದು ಹಂತ ಬರುತ್ತೆ ಅಲ್ವಾ? ಎಲ್ಲ ಮಾಡ್ಯೂಲೂ ಓಡ್ತಾ ಇರುತ್ತೆ, ಡೆಮೋನೂ ಕೊಡಬಹುದು, ಆದರೂ "ಇದು ನಾನು ಮಾಡಬೇಕು ಅಂದುಕೊಂಡಿದ್ದಲ್ಲ" ಅಂತ ಒಳಗೊಳಗೇ ಅನ್ನಿಸ್ತಾ ಇರುತ್ತೆ. ಆಗ ಎಲ್ಲ ಬಿಚ್ಚಿ ಮೊದಲಿಂದ ಶುರು ಮಾಡೋಕೆ ಧೈರ್ಯ ಬೇಕು. ಅಮೆರಿಕದ ಮ್ಯಾಂಡೊಲಿನ್ ವಾದಕಿ ಸಿಯೆರಾ ಹಲ್ ಅಂಥ ಧೈರ್ಯ ಮಾಡಿದವಳು. ಅವಳು ನುಡಿಸೋದು ಬ್ಲೂಗ್ರಾಸ್. ಹಾಗಾಗಿ ಮೊದಲು ಅದೇನು ಅಂತ ನೋಡೋಣ.

ಅಮೆರಿಕದ ಪೂರ್ವ ಭಾಗದಲ್ಲಿ ಅಪಲಾಚಿಯನ್ ಬೆಟ್ಟಸಾಲು ಇದೆ. ಸ್ಕಾಟ್ಲೆಂಡ್, ಐರ್ಲೆಂಡ್ ಕಡೆಯಿಂದ ಬಂದು ಅಲ್ಲಿ ನೆಲೆಸಿದವರು ಪಿಟೀಲಿನ ಧಾಟಿಗಳನ್ನೂ ಕಥನಗೀತೆಗಳನ್ನೂ ತಂದರು. ಬ್ಯಾಂಜೊದ ಮೂಲ ಆಫ್ರಿಕಾ. ಗುಲಾಮರಾಗಿ ಬಂದವರ ಜೊತೆ ಅದು ಬಂತು. ಮ್ಯಾಂಡೊಲಿನ್ ಇಟಲಿಯದು. ಈ ಎಲ್ಲ ಎಳೆಗಳನ್ನು ಸೇರಿಸಿ ಕೆಂಟಕಿಯ ಬಿಲ್ ಮನ್ರೋ 1939ರ ಹೊತ್ತಿಗೆ 'ಬ್ಲೂ ಗ್ರಾಸ್ ಬಾಯ್ಸ್' ಅನ್ನೋ ತಂಡ ಕಟ್ಟಿದ. 1945ರ ಕೊನೆಗೆ ಅರ್ಲ್ ಸ್ಕ್ರಗ್ಸ್ ಬಂದು ಮೂರು ಬೆರಳಲ್ಲಿ ಬ್ಯಾಂಜೊ ನುಡಿಸತೊಡಗಿದ ಮೇಲೆ ಇವತ್ತು ನಾವು ಕೇಳುವ ರೂಪ ಗಟ್ಟಿಯಾಯಿತು. ಅಂದರೆ 'ಸಂಪ್ರದಾಯ' ಅಂತ ಕರೆಸಿಕೊಳ್ಳುವ ಈ ಸಂಗೀತ ಹುಟ್ಟಿದ್ದೇ ಒಂದು ಪ್ರಯೋಗವಾಗಿ. ತಂಡದ ಹೆಸರೇ ಆಮೇಲೆ ಇಡೀ ಪ್ರಕಾರದ ಹೆಸರಾಯಿತು.

ಇದರಲ್ಲಿ ಸಾಮಾನ್ಯವಾಗಿ ಐದು ವಾದ್ಯ: ಪಿಟೀಲು, ಬ್ಯಾಂಜೊ, ಗಿಟಾರ್, ಮ್ಯಾಂಡೊಲಿನ್, ನಿಂತು ನುಡಿಸುವ ದೊಡ್ಡ ಬೇಸ್. ಡ್ರಮ್ ಇಲ್ಲ. ಹಾಗಾದ್ರೆ ತಾಳ ಹಿಡಿಯೋರು ಯಾರು? ನಾಲ್ಕು ಬೀಟ್ ಎಣಿಸಿದರೆ ಒಂದು ಮತ್ತು ಮೂರನೇ ಬೀಟ್ ಬೇಸ್‌ನದು, ಎರಡು ಮತ್ತು ನಾಲ್ಕನೇದು ಮ್ಯಾಂಡೊಲಿನ್‌ದು. ವಾದಕ ಕಾರ್ಡ್ ಒತ್ತಿ ಜೋರಾಗಿ ಮೀಟಿ, ತಕ್ಷಣ ಎಡಗೈ ಬೆರಳುಗಳ ಒತ್ತಡ ಸಡಿಲಿಸುತ್ತಾನೆ. ತಂತಿಯ ಕಂಪನ ಅಲ್ಲೇ ಸಾಯುತ್ತದೆ. ನಾದ ಹೋಗಿ 'ಚಕ್' ಅನ್ನೋ ಪೆಟ್ಟು ಮಾತ್ರ ಕೇಳುತ್ತೆ. ಇದಕ್ಕೆ 'ಚಾಪ್' ಅಂತಾರೆ. ಡ್ರಮ್ಮಿನ ಕೆಲಸ ಮಾಡೋದು ಇದೇ.

ಇನ್ನು ವಾದ್ಯದ ರಚನೆ. ಮ್ಯಾಂಡೊಲಿನ್‌ಗೆ ಎಂಟು ತಂತಿ, ಎರಡೆರಡರಂತೆ ನಾಲ್ಕು ಜೋಡಿ. ಪ್ರತಿ ಜೋಡಿಯ ಎರಡೂ ತಂತಿಗೆ ಒಂದೇ ಶ್ರುತಿ. ಪಕ್ಕಪಕ್ಕದ ಜೋಡಿಗಳ ನಡುವೆ ಇರೋದು ನಮ್ಮ ಷಡ್ಜ-ಪಂಚಮದ ಅಂತರ, ಆವೃತ್ತಿಯಲ್ಲಿ ಹೆಚ್ಚು ಕಡಿಮೆ 2:3 ಅನುಪಾತ. ಕೆಳಗಿನಿಂದ ಲೆಕ್ಕ ಹಾಕಿದರೆ ಸುಮಾರು 196, 294, 440, 659 ಹರ್ಟ್ಜ್. ಪಾಶ್ಚಾತ್ಯ ಪಿಟೀಲಿನ ಶ್ರುತಿಯೂ ಇದೇ. ಹಾಗಾಗಿ ಒಂದರ ಬೆರಳುಗಾರಿಕೆ ಇನ್ನೊಂದಕ್ಕೂ ಬರುತ್ತೆ.

ಈ ಹೋಲಿಕೆಯೇ ಸಿಯೆರಾಳ ಕಥೆಯ ಆರಂಭ. 1991ರಲ್ಲಿ ಹುಟ್ಟಿದ ಅವಳ ಊರು ಟೆನೆಸ್ಸಿಯ ಬರ್ಡ್ಸ್‌ಟೌನ್ ಅನ್ನೋ ಪುಟ್ಟ ಪಟ್ಟಣ. ಚಿಕ್ಕವಳಿದ್ದಾಗ ಕ್ರಿಸ್‌ಮಸ್‌ಗೆ ಪಿಟೀಲು ಉಡುಗೊರೆ ಬಂತು, ಆದರೆ ಅದು ದೊಡ್ಡವರ ಅಳತೆಯದು. ಕೈಗೆ ಎಟುಕಲಿಲ್ಲ. ಅಪ್ಪ ತಮ್ಮ ಮ್ಯಾಂಡೊಲಿನ್ ಕೊಟ್ಟು ಹೇಳಿಕೊಟ್ಟರು. ಹೈಸ್ಕೂಲು ಮುಟ್ಟುವ ಮೊದಲೇ ಹೆಸರಾಂತ ಗಾಯಕಿ ಅಲಿಸನ್ ಕ್ರಾಸ್ ಅವಳನ್ನು ವೇದಿಕೆಗೆ ಕರೆದರು. ಮುಂದೆ ಬಾಸ್ಟನ್ನಿನ ಬರ್ಕ್ಲಿ ಸಂಗೀತ ಕಾಲೇಜಿನ ಪ್ರೆಸಿಡೆನ್ಷಿಯಲ್ ಸ್ಕಾಲರ್‌ಶಿಪ್ ಸಿಕ್ಕಿತು. ಬ್ಲೂಗ್ರಾಸ್ ಕಡೆಯಿಂದ ಅದನ್ನು ಪಡೆದವರಲ್ಲಿ ಅವಳೇ ಮೊದಲು.

'ಬಾಲಪ್ರತಿಭೆ' ಅನ್ನೋ ಪಟ್ಟಕ್ಕೆ ಒಂದು ಕಷ್ಟ ಇದೆ. ವಯಸ್ಸು ಇಪ್ಪತ್ತು ದಾಟಿದ ಕೂಡಲೇ "ಇಷ್ಟು ಚಿಕ್ಕ ಹುಡುಗಿ ಎಷ್ಟು ಸ್ಪೀಡಾಗಿ ನುಡಿಸ್ತಾಳೆ!" ಅನ್ನೋ ಹೊಗಳಿಕೆ ಕೆಲಸಕ್ಕೆ ಬರೋದಿಲ್ಲ. ಸ್ಪೀಡ್ ಎಲ್ಲರ ಹತ್ರಾನೂ ಇರುತ್ತೆ. ಹೇಳೋಕೆ ನಿನ್ನದೇನಿದೆ ಅಂತ ಜನ ಕೇಳ್ತಾರೆ. 2011ರಲ್ಲಿ 'ಡೇಬ್ರೇಕ್' ಆಲ್ಬಮ್ ಬಂತು. ಮುಂದಿನದು ಬರೋಕೆ ಐದು ವರ್ಷ ಹಿಡಿಯಿತು. ನಡುವೆ ಒಂದಷ್ಟು ಹಾಡುಗಳನ್ನು ವಾದ್ಯಗಾರರ ತಂಡದ ಜೊತೆ ರೆಕಾರ್ಡ್ ಮಾಡಿದ್ದಳು. ಅದು ಸರಿಬರಲಿಲ್ಲ, ಪಕ್ಕಕ್ಕಿಟ್ಟಳು.

ಆಗ ಅಲಿಸನ್ ಕ್ರಾಸ್ ಕೊಟ್ಟ ಸಲಹೆ: ಬೇಲಾ ಫ್ಲೆಕ್‌ನನ್ನು ಕೇಳು. ಫ್ಲೆಕ್ ಬ್ಯಾಂಜೊವನ್ನು ಜಾಝ್‌ವರೆಗೂ ಒಯ್ದವನು, ನಮ್ಮ ಜಾಕಿರ್ ಹುಸೇನರ ತಬಲಾ ಜೊತೆಗೂ ನುಡಿಸಿದವನು. ಅಂಥವನು ಇನ್ನಷ್ಟು ವಾದ್ಯ ಸೇರಿಸು ಅಂತ ಹೇಳಬಹುದಿತ್ತು. ಅವನು ಹೇಳಿದ್ದು ಉಲ್ಟಾ: ನಿನ್ನ ದನಿ, ನಿನ್ನ ಮ್ಯಾಂಡೊಲಿನ್, ಅಷ್ಟರಿಂದ ಶುರು ಮಾಡು.

ಹಾಗೆ ಬಂದದ್ದು 2016ರ 'ವೇಯ್ಟೆಡ್ ಮೈಂಡ್'. ಬಹುಪಾಲು ಮ್ಯಾಂಡೊಲಿನ್, ಈಥನ್ ಜಾಡ್ಜಿವಿಚ್‌ನ ಬೇಸ್ ಮತ್ತು ಅವಳ ಹಾಡು, ಅಷ್ಟೇ. ಕೇಳೋಕೆ ಸುಲಭ ಅನ್ನಿಸಬಹುದು. ಆದರೆ ಲೆಕ್ಕ ಹಾಕಿ ನೋಡಿ. ಗಿಟಾರ್ ಹೋದರೆ ಹಾಡಿನ ಹಿಂದಿನ ಆಸರೆ ಹೋಯಿತು, ಬ್ಯಾಂಜೊ ಹೋದರೆ ಆ ಓಟ ಹೋಯಿತು. ತುಂಬಬೇಕಾದ ಜಾಗವೆಲ್ಲ ಒಂದು ಪುಟ್ಟ ವಾದ್ಯದ ಮೇಲೆ. ಅದರ ನಾದವೋ, ಮೀಟಿದ ಸ್ವಲ್ಪ ಹೊತ್ತಿಗೇ ಆರಿಹೋಗುವಂಥದ್ದು. ಹಾಗಾಗಿ ಒಂದೇ ಕೈ ತಾಳವನ್ನೂ ಹಿಡಿಯಬೇಕು, ರಾಗವನ್ನೂ ನಡೆಸಬೇಕು. ಎಲ್ಲಿ ಸುಮ್ಮನಿರಬೇಕು ಅನ್ನೋದೂ ಗೊತ್ತಿರಬೇಕು. ತಪ್ಪಿದರೆ ಮುಚ್ಚಿಡೋಕೆ ಇನ್ನೊಂದು ವಾದ್ಯ ಇಲ್ಲ.

ಇದು ಬ್ಲೂಗ್ರಾಸ್ ಹೌದೋ ಅಲ್ಲವೋ? ಗ್ರ್ಯಾಮಿಯವರು ಈ ಆಲ್ಬಮನ್ನು ನಾಮನಿರ್ದೇಶನ ಮಾಡಿದ್ದು ಬ್ಲೂಗ್ರಾಸ್ ವಿಭಾಗದಲ್ಲಲ್ಲ, ಫೋಕ್ ವಿಭಾಗದಲ್ಲಿ. ಆದರೆ ಅದೇ 2016ರಲ್ಲಿ ಅಂತರರಾಷ್ಟ್ರೀಯ ಬ್ಲೂಗ್ರಾಸ್ ಸಂಗೀತ ಸಂಘ ಅವಳನ್ನು ವರ್ಷದ ಮ್ಯಾಂಡೊಲಿನ್ ವಾದಕಿ ಅಂತ ಆರಿಸಿತು. ಆ ಪ್ರಶಸ್ತಿ ಪಡೆದ ಮೊದಲ ಹೆಣ್ಣು ಅವಳು. 2017 ಮತ್ತು 2018ರಲ್ಲೂ ಅವಳಿಗೇ ಸಿಕ್ಕಿತು. ಹಾಡು ಯಾವ ಡಬ್ಬಿಗೆ ಸೇರುತ್ತೆ ಅನ್ನೋದರಲ್ಲಿ ಗೊಂದಲ ಇರಬಹುದು, ಕೈ ಯಾವ ಪರಂಪರೆಯದ್ದು ಅನ್ನೋದರಲ್ಲಿ ಆ ಪರಂಪರೆಯವರಿಗೇ ಅನುಮಾನ ಇರಲಿಲ್ಲ.

ಹೊಸತನ ಅಂದರೆ ಹಳೆಯದಕ್ಕೆ ಎಲೆಕ್ಟ್ರಿಕ್ ಗಿಟಾರೋ ಬೀಟೋ ಸೇರಿಸೋದು ಅಂತ ನಾವು ಅಂದ್ಕೊಂಡಿರ್ತೀವಿ. ಸಿಯೆರಾ ತೆಗೆದುಹಾಕಿ ನೋಡಿದಳು. ತೆಗೆದಮೇಲೂ ನಿಂತಿತು, ಯಾಕಂದ್ರೆ ಎಂಟನೇ ವಯಸ್ಸಿಂದ ಕಲಿತದ್ದೆಲ್ಲ ಬೆರಳಲ್ಲೇ ಇತ್ತು.

2025ರಲ್ಲಿ ಅವಳು ಯಾವ ಕಂಪನಿಯ ಹಂಗೂ ಇಲ್ಲದೆ 'ಎ ಟಿಪ್ ಟೋ ಹೈ ವೈರ್' ಅನ್ನೋ ಆಲ್ಬಮ್ ತಂದಳು. ಇಂಟರ್ನಲ್ಸ್ ಮುಗಿದ ಸಂಜೆ ಹೆಡ್‌ಫೋನ್ ಹಾಕ್ಕೊಂಡು ಮೊದಲು ಮನ್ರೋನ ಒಂದು ಹಾಡು ಕೇಳಿ, ಎರಡು-ನಾಲ್ಕನೇ ಬೀಟಿನ ಆ 'ಚಕ್' ಹಿಡಿಯಿರಿ. ಆಮೇಲೆ 'ವೇಯ್ಟೆಡ್ ಮೈಂಡ್' ಹಾಕಿ, ಅದೇ 'ಚಕ್' ಎಲ್ಲಿ ಅಡಗಿದೆ ಅಂತ ಹುಡುಕಿ ನೋಡಿ.