ವಾಹನ ಹೊರಡದಿದ್ದರೆ ಶಕುನವನ್ನಲ್ಲ, ಕಾರಣವನ್ನು ಹುಡುಕೋಣ

ಹಾವೇರಿಯಿಂದ ರಾಣೆಬೆನ್ನೂರಿಗೆ ಮದುವೆಗೆಂದು ಹೊರಟ ಕುಟುಂಬವು ಕಾರಿನಲ್ಲಿ ಕುಳಿತಿದೆ. ಕೀಲಿಕೈ ತಿರುವಿದರೂ ಎಂಜಿನ್ ಏಳುವುದಿಲ್ಲ. ಆಗ ‘ಹೊರಟ ಗಳಿಗೆ ಸರಿಯಿಲ್ಲ’ ಎನ್ನುವವರು ಒಬ್ಬರು, ಗಾಲಿಯ ಕೆಳಗೆ ನಿಂಬೆಹಣ್ಣು ಇಡಿರೆನ್ನುವವರು ಇನ್ನೊಬ್ಬರು. ಆ ಹೊತ್ತಿಗೆ ಎದುರಾದ ವಿಧವೆಯೊಬ್ಬಳ ಮೇಲೆ ಅಪವಾದ ಬೀಳುವುದೂ ಉಂಟು. ನಿರ್ಜೀವವಾದ ಬ್ಯಾಟರಿಯ ದೋಷವನ್ನು ಜೀವವುಳ್ಳ ತಾಯಿಯ ಮೇಲೆ ಹೊರಿಸುವುದು ಅಜ್ಞಾನವಷ್ಟೇ ಅಲ್ಲ, ಅನ್ಯಾಯವೂ ಹೌದು. ಆದ್ದರಿಂದಲೇ ನಾವು ಈ ವಿಷಯವನ್ನು ಕುಟುಂಬದ ಪತ್ರಿಕೆಯಲ್ಲಿ ಎತ್ತಿಕೊಂಡಿದ್ದೇವೆ.

ಹನ್ನೆರಡನೆಯ ಶತಮಾನದ ಶರಣರು ತಿಥಿ, ವಾರ, ಶಕುನಗಳ ಭಯವನ್ನು ನಿರಾಕರಿಸಿದರು. ಹಾವೇರಿ ಜಿಲ್ಲೆಯವರಿಗೆ ಇದು ದೂರದ ಮಾತಲ್ಲ. ರಾಣೆಬೆನ್ನೂರು ತಾಲೂಕಿನಲ್ಲಿ ತುಂಗಭದ್ರೆಯ ದಂಡೆಯ ಮೇಲಿರುವ ಚೌಡಯ್ಯದಾನಪುರವು ಅಂಬಿಗರ ಚೌಡಯ್ಯನವರ ಹೆಸರಿನೊಡನೆ ಬೆಸೆದ ಊರು. ದೋಣಿ ನಡೆಸುವವನು ದಡ ಬಿಡುವ ಮುನ್ನ ನೋಡಬೇಕಾದುದು ಪಂಚಾಂಗವನ್ನಲ್ಲ, ದೋಣಿಯ ತಳವನ್ನು. ಕಾರಿಗೂ ಇದೇ ನ್ಯಾಯ.

ಮೊದಲು ನೋಡತಕ್ಕದ್ದು ಬ್ಯಾಟರಿಯನ್ನು. 1912ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರಿಗೆ ಚಾರ್ಲ್ಸ್ ಕೆಟರಿಂಗ್ ಅವರ ವಿದ್ಯುತ್ ಸ್ಟಾರ್ಟರ್ ಬಂದಿತು. ಹ್ಯಾಂಡಲ್ ಹಾಕಿ ತಿರುವುವ ಶ್ರಮ ಕ್ರಮೇಣ ತಪ್ಪಿತು. ಆದರೆ ಕಾರು ಬ್ಯಾಟರಿಯ ಅಧೀನವಾಯಿತು. ಪೂರ್ಣ ಶಕ್ತಿಯುಳ್ಳ 12 ವೋಲ್ಟಿನ ಬ್ಯಾಟರಿಯು ವಿಶ್ರಾಂತಿಯಲ್ಲಿದ್ದಾಗ ಸುಮಾರು 12.6 ವೋಲ್ಟ್ ತೋರಿಸಬೇಕು. ಅದು 12ಕ್ಕಿಂತ ಕೆಳಗಿಳಿದರೆ ಬಹುಮಟ್ಟಿಗೆ ಬರಿದಾಗಿದೆಯೆಂದೇ ತಿಳಿಯಬೇಕು. ಅದರ ಆಯುಷ್ಯ ಸಾಮಾನ್ಯವಾಗಿ 3ರಿಂದ 5 ವರ್ಷ. ದೀಪ ಆರಿಸಲು ಮರೆತರೆ ಒಂದೇ ರಾತ್ರಿಯಲ್ಲಿ ಅದು ಸೊರಗಬಹುದು. ಜಾತ್ರೆ, ಮದುವೆಗಳಿಗೆ ಮಾತ್ರ ಹೊರತೆಗೆಯುವ ಕಾರಿನಲ್ಲಿಯೂ ಗಡಿಯಾರ ಮೊದಲಾದವು ದಿನವೂ ಸ್ವಲ್ಪ ಸ್ವಲ್ಪ ವಿದ್ಯುತ್ತನ್ನು ಹೀರುತ್ತಲೇ ಇರುತ್ತವೆ. ಕಾಯಕವಿಲ್ಲದ ದೇಹದಂತೆ ಕಾಯಕವಿಲ್ಲದ ಬ್ಯಾಟರಿಯೂ ಬಲಗುಂದುತ್ತದೆ. ವಾರಕ್ಕೊಮ್ಮೆ ಅರ್ಧ ತಾಸು ಓಡಿಸುವುದು ಒಳ್ಳೆಯದು.

ಇನ್ನು ಕಿವಿಗೊಟ್ಟು ಕೇಳಬೇಕು. ಸದ್ದೇ ಇಲ್ಲದೆ ದೀಪಗಳೂ ಮಂಕಾಗಿದ್ದರೆ, ಅಥವಾ ‘ಟಕಟಕ’ ಎಂದು ಬೇಗ ಬೇಗನೆ ಸದ್ದಾದರೆ, ಬ್ಯಾಟರಿ ಸೋತಿದೆ. ಇಲ್ಲವೇ ಅದರ ತುದಿಗಳಲ್ಲಿ ಬಿಳಿ, ಹಸಿರು ಪುಡಿ ಕಟ್ಟಿದೆ. ತಂತಿಗಳನ್ನು ಬಿಚ್ಚಿ, ಅಡುಗೆ ಸೋಡಾ ಬೆರೆಸಿದ ಬಿಸಿನೀರಿನಿಂದ ಆ ಪುಡಿಯನ್ನು ತೊಳೆದು, ಒರೆಸಿ, ಬಿಗಿಯಾಗಿ ಕೂಡಿಸಿ ವ್ಯಾಸಲೀನ್ ಹಚ್ಚಬೇಕು. ಕಪ್ಪು ತಂತಿಯನ್ನು ಮೊದಲು ಬಿಚ್ಚಿ ಕೊನೆಗೆ ಕೂಡಿಸುವುದು ಕ್ರಮ. ದೀಪ ಪ್ರಕಾಶಮಾನವಾಗಿದ್ದು ಒಂದೇ ಬಾರಿ ‘ಟಕ್’ ಎಂದು ಸುಮ್ಮನಾದರೆ ಸ್ಟಾರ್ಟರ್ ಮೋಟಾರಿನ ಮೇಲೆ ಸಂಶಯ ಪಡಬೇಕು.

ಎಂಜಿನ್ ತಿರುಗುತ್ತದೆ, ಆದರೆ ಹೊತ್ತಿಕೊಳ್ಳುವುದಿಲ್ಲವೆಂದರೆ ಕಾರಣ ಬೇರೆ. ಟ್ಯಾಂಕಿನಲ್ಲಿ ಇಂಧನವಿದೆಯೇ? ಇಂಧನದ ಪಂಪು, ಫ್ಯೂಸು ಸರಿಯಾಗಿವೆಯೇ? ಪೆಟ್ರೋಲ್ ಕಾರಿನಲ್ಲಿ ಸ್ಪಾರ್ಕ್ ಪ್ಲಗ್, ಡೀಸೆಲ್ ಕಾರಿನಲ್ಲಿ ಫಿಲ್ಟರಿಗೆ ಸೇರಿದ ನೀರು ಅಥವಾ ಕೊಳವೆಯೊಳಗಿನ ಗಾಳಿ ಪರೀಕ್ಷಾರ್ಹ. ಅನೇಕ ಹೊಸ ಕಾರುಗಳು ಕ್ಲಚ್ ತುಳಿಯದಿದ್ದರೆ ಅಥವಾ ತಮ್ಮ ಕೀಲಿಕೈಯನ್ನು ಗುರುತಿಸದಿದ್ದರೆ ಏಳುವುದೇ ಇಲ್ಲ. ಮಳೆಯ ನೀರಿನಲ್ಲಿ ಮುಳುಗಿದ ಕಾರನ್ನು ಮಾತ್ರ ಚಾಲೂ ಮಾಡಲು ಯತ್ನಿಸಲೇಬಾರದು, ಎಂಜಿನ್ನೇ ಮುರಿದೀತು.

ಬ್ಯಾಡಗಿಯಂತಹ ಪೇಟೆಯಲ್ಲಿ ಧಾನ್ಯದ ಗೋದಾಮಿನ ಪಕ್ಕ ಕಾರು ನಿಲ್ಲಿಸುವವರಿಗೆ ಇನ್ನೊಂದು ಕಾರಣವುಂಟು. ಅದು ತಂತಿ ಕಡಿಯುವ ಇಲಿ. ಜಪಾನಿನ ಹೊಂಡಾ ಕಂಪನಿಯು ಇದಕ್ಕೆಂದೇ ಮೆಣಸಿನಕಾಯಿಯ ಖಾರದ ಅಂಶವುಳ್ಳ ಟೇಪನ್ನು ತಂದಿದೆ. ಹಾಗೆಂದು ಮನೆಯ ಮೆಣಸಿನಪುಡಿಯನ್ನು ಎಂಜಿನ್ನಿನ ಮೇಲೆ ಚೆಲ್ಲಬೇಕಿಲ್ಲ. 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಬ್ಯಾಡಗಿ ಮೆಣಸಿನಕಾಯಿಯ ಖ್ಯಾತಿ ಬಣ್ಣಕ್ಕೆ, ಖಾರಕ್ಕಲ್ಲ! ಕಾರು ನಿಲ್ಲುವ ಜಾಗದಲ್ಲಿ ಕಾಳುಕಡಿ ಬೀಳದಂತೆ ನೋಡಿಕೊಳ್ಳುವುದೇ ಮೇಲು.

ಮತ್ತೊಂದು ಕಾರಿನಿಂದ ವಿದ್ಯುತ್ ಪಡೆಯುವಾಗ ಕೆಂಪು ತಂತಿಯನ್ನು ಮೊದಲು ಸೋತ ಬ್ಯಾಟರಿಯ ಧನ ತುದಿಗೆ, ಅನಂತರ ಒಳ್ಳೆಯ ಬ್ಯಾಟರಿಯ ಧನ ತುದಿಗೆ ಕೂಡಿಸಬೇಕು. ಕಪ್ಪು ತಂತಿಯನ್ನು ಒಳ್ಳೆಯ ಬ್ಯಾಟರಿಯ ಋಣ ತುದಿಗೂ, ಕೊನೆಗೆ ಕೆಟ್ಟ ಕಾರಿನ ಎಂಜಿನ್ನಿನ ಲೋಹದ ಭಾಗಕ್ಕೂ, ಬ್ಯಾಟರಿಯಿಂದ ದೂರವಾಗಿ, ಕೂಡಿಸಬೇಕು. ಬ್ಯಾಟರಿಯಿಂದ ಜಲಜನಕ ಅನಿಲ ಹೊರಡುವುದುಂಟು. ಕಾರಿನ ಪೂಜೆಗೆಂದು ಅದರ ಬಳಿ ಕರ್ಪೂರ, ಊದಿನಕಡ್ಡಿ ಹಚ್ಚುವುದು ಅಪಾಯಕರ.

ಮನೆಯಲ್ಲಿ ರೋಗಿಯಿದ್ದು ಕಾರು ಏಳದಿದ್ದರೆ ಕಾರಣ ಹುಡುಕುತ್ತ ಕೂಡಬಾರದು. ಗಳಿಗೆ ಕೇಳುತ್ತಲಂತೂ ಕೂಡಲೇಬಾರದು. ಕರ್ನಾಟಕದಲ್ಲಿ 2008ರಿಂದ ಇರುವ 108 ಆಂಬುಲೆನ್ಸ್ ಸೇವೆಗೆ ಒಡನೆಯೇ ಕರೆ ಮಾಡಬೇಕು. ಉಳಿದ ವೇಳೆಯಲ್ಲಿ ಗ್ಯಾರೇಜಿನ ಕಾಯಕಜೀವಿಯನ್ನು ಗೌರವದಿಂದ ಕರೆದು, ಕೆಲಸ ಮುಗಿದ ಮೇಲೆ ‘ಏನು ಕಾರಣವಾಗಿತ್ತು, ಅಣ್ಣಾ?’ ಎಂದು ಕೇಳಿ ತಿಳಿದುಕೊಳ್ಳಬೇಕು. ಆ ಮಾತನ್ನು ಮನೆಯ ಮಕ್ಕಳೂ ನಿಂತು ಕೇಳಲಿ. ಎದುರು ಬಂದವರನ್ನು ದೂರದೆ ಕಾರಣವನ್ನು ಹುಡುಕುವ ಅಭ್ಯಾಸ ಅವರಿಗೆ ಬಂದರೆ, ಅದು ಕಾರಿಗಿಂತ ಹೆಚ್ಚು ದೂರ ಅವರನ್ನು ಕರೆದೊಯ್ಯುತ್ತದೆ.