ಅಭಿನೀತ ವೈದ್ಯಪರೀಕ್ಷೆಯೂ ಜುಮ್ಮೆನ್ನುವ ಸುಖವೂ

ಮೆಲುದನಿಯ ಮಾತು, ಹಗುರವಾದ ಸ್ಪರ್ಶ, ನಿಧಾನವಾದ ಕೈಚಲನೆ ಇವುಗಳಿಂದ ಕೆಲವರಿಗೆ ನೆತ್ತಿಯು ಜುಮ್ಮೆಂದು, ಆ ಹಿತವು ಕೊರಳ ಹಿಂಬದಿಯಿಂದ ಬೆನ್ನಿಗೆ ಇಳಿಯುವುದುಂಟು. ೨೦೧೦ರಲ್ಲಿ ಅಮೆರಿಕದ ಜೆನಿಫರ್ ಅಲೆನ್ ಎಂಬವರು ಇದಕ್ಕೆ ‘ಅಟಾನಮಸ್ ಸೆನ್ಸರಿ ಮೆರಿಡಿಯನ್ ರೆಸ್ಪಾನ್ಸ್’ ಎಂದು ಹೆಸರಿಟ್ಟರು, ಏ. ಎಸ್. ಎಂ. ಆರ್. ಎಂಬುದು ಅದರ ಸಂಕ್ಷೇಪ.

ಈ ಸುಖಕ್ಕಾಗಿಯೇ ರಚಿತವಾಗುವ ಚಲಚ್ಚಿತ್ರಗಳಲ್ಲಿ ವೈದ್ಯಪರೀಕ್ಷೆಯ ಅಭಿನಯವು, ಅದರಲ್ಲಿಯೂ ಕಪಾಲನರಗಳ ಪರೀಕ್ಷೆಯು, ಪ್ರಸಿದ್ಧವಾದುದು. ಈ ನರಗಳು ೧೨ ಜೋಡಿ. ನಟನು ಪ್ರೇಕ್ಷಕನನ್ನೇ ರೋಗಿಯೆಂದು ಭಾವಿಸಿ, ತನ್ನ ಬೆರಳಿನ ಚಲನೆಯನ್ನು ಕಣ್ಣಿನಿಂದ ಅನುಸರಿಸೆನ್ನುತ್ತಾನೆ. ಇದು ೩, ೪, ೬ನೆಯ ನರಗಳ ಪರೀಕ್ಷೆ. ಹತ್ತಿಯಿಂದ ಕೆನ್ನೆಯನ್ನು ಸೋಕಿಸುವುದು ೫ನೆಯದರ ಪರೀಕ್ಷೆ. ಕಿವಿಯ ಬಳಿ ಶ್ರುತಿಕವೆಯನ್ನು ಹಿಡಿಯುವುದು ೮ನೆಯದರ ಪರೀಕ್ಷೆ. ಇಲ್ಲಿ ನೋವಿಲ್ಲ, ಬಹುಮಟ್ಟಿಗೆ ಎಲ್ಲವೂ ಮುಖದ ಸಮೀಪದಲ್ಲಿಯೇ ನಡೆಯತಕ್ಕದ್ದು. ಆದುದರಿಂದ ಪಿಸುಮಾತಿಗೂ ಏಕಾಗ್ರವಾದ ಗಮನಕ್ಕೂ ಸಹಜವಾದ ಅವಕಾಶವಿದೆ. ೨೦೧೫ರಲ್ಲಿ ಸ್ವಾನ್ಸಿ ವಿಶ್ವವಿದ್ಯಾನಿಲಯದ ಬ್ಯಾರಟ್ ಮತ್ತು ಡೇವಿಸ್ ಎಂಬವರು ಈ ಅನುಭವವುಳ್ಳ ೪೭೫ ಮಂದಿಯನ್ನು ವಿಚಾರಿಸಲಾಗಿ, ಶೇಕಡ ೭೫ ಮಂದಿ ಪಿಸುಮಾತನ್ನೂ, ೬೯ ಮಂದಿ ತಮ್ಮ ಮೇಲಿಟ್ಟ ಗಮನವನ್ನೂ ಕಾರಣವೆಂದರು. ೨೦೧೮ರ ಮತ್ತೊಂದು ಪರೀಕ್ಷೆಯಲ್ಲಿ ಇಂತಹವರ ನಾಡಿಯ ಬಡಿತವು ತಗ್ಗಿದುದು ಕಂಡುಬಂದಿತು.

ಇದನ್ನು ಆಲಂಕಾರಿಕರ ರೋಮಾಂಚವೆನ್ನಬಹುದೆ? ಭರತನು ರೋಮಾಂಚವನ್ನು ಎಂಟು ಸಾತ್ತ್ವಿಕಭಾವಗಳಲ್ಲಿ ಎಣಿಸಿ, ಭಯ, ಶೀತ, ಹರ್ಷಗಳೊಡನೆ ಸ್ಪರ್ಶವನ್ನೂ ಅದಕ್ಕೆ ಕಾರಣವಾಗಿ ಹೇಳಿರುವನು. ಆದರೆ ಅದು ನಟನು ತನ್ನ ಮೈಯಲ್ಲಿ ತೋರಿಸತಕ್ಕ ಭಾವ. ಇಲ್ಲಿಯಾದರೋ ನಟನು ಶಾಂತನಾಗಿಯೇ ಇರುವನು, ಪುಳಕವು ಪ್ರೇಕ್ಷಕನದು, ಅದೂ ಉದ್ರೇಕವಲ್ಲ, ಉಪಶಮನ. ಆದಕಾರಣ ‘ಜುಮ್ಮು’ ಎಂಬ ದೇಶ್ಯಪದವೇ ಇದಕ್ಕೆ ಹೆಚ್ಚು ಒಪ್ಪುವುದು.

ನಿಜವಾದ ವೈದ್ಯನು ರೋಗವನ್ನು ಹುಡುಕುವನು. ಅಭಿನಯದ ವೈದ್ಯನು ಏನನ್ನೂ ಹುಡುಕುವುದಿಲ್ಲ. ಆದುದರಿಂದ ಇದು ಚಿಕಿತ್ಸೆಯಲ್ಲ. ಆದರೂ ಇದರಿಂದ ವ್ಯಕ್ತವಾಗುವ ಹಸಿವು ಅಲ್ಪವಾದುದಲ್ಲ. ವರ್ಜೀನಿಯಾ ವುಲ್ಫ್ ಅವರ ೧೯೨೫ರ ‘ಮಿಸೆಸ್ ಡ್ಯಾಲೋವೇ’ ಕಾದಂಬರಿಯಲ್ಲಿ, ಯುದ್ಧದಿಂದ ಮನಸ್ಸು ನೊಂದ ಸೆಪ್ಟಿಮಸ್‌ನಿಗೆ ಉದ್ಯಾನದಲ್ಲಿ ಕೇಳಿಸಿದ ದಾದಿಯೊಬ್ಬಳ ದನಿಯು ಇಂತಹದೇ ಪುಳಕವನ್ನು ಕೊಡುವುದು. ಅವನಿಗೆ ಚಿಕಿತ್ಸೆ ಮಾಡಿದ ವೈದ್ಯರಿಬ್ಬರಾದರೋ ಅವನ ಸಂಕಟಕ್ಕೆ ಕಿವಿಗೊಡಲಿಲ್ಲ. ಅವನು ಪ್ರಾಣವನ್ನೇ ಕಳೆದುಕೊಂಡನು. ರೋಗವನ್ನು ಅರಿಯುವ ವಿದ್ಯೆ ಬೇರೆ, ರೋಗಿಯ ಮೇಲೆ ಗಮನವಿಡುವ ಶೀಲ ಬೇರೆ. ಎರಡನೆಯದು ನಿಜವಾದ ಚಿಕಿತ್ಸೆಯಲ್ಲಿ ದೊರೆಯದಾದಾಗ, ಜನರು ಅದನ್ನು ಅಭಿನಯದಲ್ಲಿಯಾದರೂ ಅರಸುವುದು ಆಶ್ಚರ್ಯವಲ್ಲ.